ಡಕ್ಟ್ ಒಳಗಿನ ಸಣ್ಣ ಗಾಳಿಯಂತ್ರದ ವೇಗವನ್ನು ಹಿಡಿತದಲ್ಲಿಡುವುದು ಹೇಗೆ?

ಪ್ರಶ್ನೆ: ಒಂದು ಮೀಟರ್ ವ್ಯಾಸದ, ಮೂರು ರೆಕ್ಕೆಗಳ ಗಾಳಿಯಂತ್ರವೊಂದನ್ನು ನಾನೇ ಕಟ್ಟಿದ್ದೇನೆ. ಸುತ್ತಲೂ ಫೈಬರ್‌ಗ್ಲಾಸಿನ ಡಕ್ಟ್, ಎಂದರೆ ಗಾಳಿ ಹಾಯುವ ಅಗಲವಾದ ಕೊಳವೆ, ಇದೆ. ರೋಟರಿನ, ಎಂದರೆ ತಿರುಗುವ ರೆಕ್ಕೆಗಳ ಚಕ್ರದ, ಹಿಂದಕ್ಕೆ ಅದು ಅಗಲವಾಗುತ್ತಾ ಹೋಗುತ್ತದೆ. ಶಾಶ್ವತ ಕಾಂತದ 16 ಧ್ರುವಗಳ ಮೂರು ಫೇಸ್ ಜನರೇಟರ್, ಅದರ ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರ್, ಸೌರಫಲಕಕ್ಕೆ ಬಳಸುವ ಎಂಪಿಪಿಟಿ ಚಾರ್ಜರ್, 48 ವೋಲ್ಟಿನ ಲಿಥಿಯಂ ಬ್ಯಾಟರಿ ಬಳಸಿದ್ದೇನೆ. ಹೊರೆಯಿಲ್ಲದೆ ನಿಮಿಷಕ್ಕೆ 575 ಸುತ್ತು ತಿರುಗಿಸಿದಾಗ ರೆಕ್ಟಿಫೈಯರಿನ ಆಚೆ 52 ವೋಲ್ಟ್ ಬರುತ್ತದೆ. ಪ್ರತಿ ಫೇಸಿನ ರೋಧ 0.5 ಓಮ್, ಇಂಡಕ್ಟೆನ್ಸ್ 1.5 ಮಿಲಿಹೆನ್ರಿ. ಸಾಧಾರಣ ಗಾಳಿಯಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಗಾಳಿ ಜೋರಾದಾಗ, ಅದರಲ್ಲೂ ಬ್ಯಾಟರಿ ತುಂಬಿರುವಾಗ, ಯಂತ್ರ ಕಿರುಚಿಕೊಂಡು ತಿರುಗುತ್ತದೆ. ಜೋರು ಗಾಳಿಗೆ ಬಾಲ ಮಡಚಿ ಯಂತ್ರವನ್ನು ಓರೆಯಾಗಿಸುವ ಏರ್ಪಾಡು ಮಾಡಿ ನೋಡಿದೆ, ಪ್ರಯೋಜನವಾಗಲಿಲ್ಲ. ಡಕ್ಟಿನ ಬಾಯಿಗೆ ಶಟರ್ ಹಾಕಿ ಗಾಳಿಯನ್ನೇ ತಡೆಯಬಹುದೇ? ಇಲ್ಲವಾದರೆ ಬೇರೇನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು "ಬ್ಯಾಟರಿ ತುಂಬಿರುವಾಗ" ಎಂಬ ಮಾತು. ತೊಂದರೆಯ ಬೇರು ಅಲ್ಲೇ ಇದೆ. ಸೌರಫಲಕದ ಚಾರ್ಜರ್ ಬ್ಯಾಟರಿ ತುಂಬಿದ ಕೂಡಲೇ ಕರೆಂಟ್ ಎಳೆಯುವುದನ್ನು ಕಡಿಮೆ ಮಾಡುತ್ತಾ ಬಂದು ಕೊನೆಗೆ ನಿಲ್ಲಿಸುತ್ತದೆ. ಸೌರಫಲಕಕ್ಕೆ ಇದರಿಂದ ಯಾವ ಬಾಧೆಯೂ ಇಲ್ಲ. ಅದು ಬಿಸಿಲಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಗಾಳಿಯಂತ್ರಕ್ಕಾದರೋ ಕರೆಂಟ್ ಎಂದರೆ ಲಗಾಮು. ಜನರೇಟರಿನಿಂದ ಕರೆಂಟ್ ಹರಿಯುತ್ತಿರುವಷ್ಟು ಹೊತ್ತು ಮಾತ್ರ ಅದು ಶಾಫ್ಟನ್ನು ಹಿಂದಕ್ಕೆ ಎಳೆಯುತ್ತದೆ. ಕರೆಂಟ್ ನಿಂತ ಗಳಿಗೆಯಲ್ಲಿ ರೆಕ್ಕೆಗಳಿಗೆ ತಡೆಯೇ ಇರುವುದಿಲ್ಲ. ಲಿಥಿಯಂ ಬ್ಯಾಟರಿಯೊಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಕೋಶಗಳನ್ನು ಉಳಿಸಿಕೊಳ್ಳಲು ಸಂಪರ್ಕವನ್ನು ಕಡಿದರೂ ಇದೇ ಆಗುತ್ತದೆ, ಒಂದು ಫ್ಯೂಸ್ ಹೋದರೂ ಇದೇ ಆಗುತ್ತದೆ. ಆದ್ದರಿಂದ ಈ ಉತ್ತರದುದ್ದಕ್ಕೂ ನಾನು ಒತ್ತಿ ಹೇಳುವುದು ಒಂದೇ ಮಾತು: ರೆಕ್ಕೆ ತಿರುಗುತ್ತಿರುವಷ್ಟು ಹೊತ್ತು ಶಾಫ್ಟಿನ ಮೇಲಿನ ಹೊರೆ ಒಂದು ಕ್ಷಣವೂ ಕಳಚಬಾರದು. ಡಕ್ಟ್ ಇರುವ ಯಂತ್ರದಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಯಂತ್ರದ ಲೆಕ್ಕವನ್ನೇ ಹಿಡಿಯೋಣ. ಒಂದು ಮೀಟರ್ ವ್ಯಾಸದ ರೋಟರ್ ಬೀಸುವ ವಿಸ್ತೀರ್ಣ 0.785 ಚದರ ಮೀಟರ್. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.225 ಕಿಲೋಗ್ರಾಂ. ಸೆಕೆಂಡಿಗೆ 6 ಮೀಟರ್ ವೇಗದ ಗಾಳಿಯಲ್ಲಿ ಆ ವಿಸ್ತೀರ್ಣವನ್ನು ಹಾಯ್ದುಹೋಗುವ ಗಾಳಿಯ ಸಾಮರ್ಥ್ಯ ಸುಮಾರು 104 ವ್ಯಾಟ್. 12 ಮೀಟರಿನಲ್ಲಿ 831 ವ್ಯಾಟ್. 24 ಮೀಟರಿನಲ್ಲಿ ಸುಮಾರು 6,650 ವ್ಯಾಟ್. ವೇಗ ಎರಡು ಪಟ್ಟಾದರೆ ಸಾಮರ್ಥ್ಯ ಎಂಟು ಪಟ್ಟಾಗುತ್ತದೆ. ಡಕ್ಟ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಇದರಲ್ಲಿ 0.6 ಭಾಗ ನಿಮ್ಮ ಶಾಫ್ಟಿಗೆ ಬರುತ್ತದೆ ಎಂದು ಹಿಡಿದಿದ್ದೇನೆ. ಇದು ಬಯಲಿನಲ್ಲಿ ತಿರುಗುವ ಯಾವ ರೋಟರೂ ಗಾಳಿಯಿಂದ ಪಡೆಯಬಹುದಾದ ಗರಿಷ್ಠ ಪಾಲನ್ನು ಹೇಳುವ ಬೆಟ್ಸ್ ಮಿತಿಯಾದ 59.3 ಶೇಕಡಾವನ್ನು ಸ್ವಲ್ಪ ಮೀರಿದಂತೆ ಕಂಡರೆ ಗಾಬರಿಯಾಗಬೇಡಿ. ರೋಟರಿನ ವಿಸ್ತೀರ್ಣದ ಮೇಲೆ ಲೆಕ್ಕ ಹಾಕಿದಾಗ ಡಕ್ಟ್ ಯಂತ್ರಗಳು ಆ ಮಿತಿಯನ್ನು ದಾಟಬಲ್ಲವು. ಡಕ್ಟಿನ ಹಿಂಬಾಯಿಯ ವಿಸ್ತೀರ್ಣದ ಮೇಲೆ ಲೆಕ್ಕ ಹಾಕಿದರೆ ಆ ಗಳಿಕೆಯ ಬಹುಭಾಗ ಕರಗಿಹೋಗುತ್ತದೆ. ಹೀಗೆ 12 ಮೀಟರ್ ಗಾಳಿಯಲ್ಲಿ ನಿಮ್ಮ ಯಂತ್ರ ಸುಮಾರು 500 ವ್ಯಾಟ್ ಕೊಡುತ್ತದೆ. ರೆಕ್ಕೆಯ ತುದಿ ಗಾಳಿಗಿಂತ ಐದು ಪಟ್ಟು ವೇಗವಾಗಿ ಓಡುವಾಗ ಅತ್ಯುತ್ತಮ ಫಲ ಬರುತ್ತದೆ ಎಂದಿಟ್ಟುಕೊಂಡರೆ, ಆಗ ರೋಟರ್ ನಿಮಿಷಕ್ಕೆ ಸುಮಾರು 1,150 ಸುತ್ತು ತಿರುಗುತ್ತಿರುತ್ತದೆ, ಶಾಫ್ಟಿನ ಟಾರ್ಕ್, ಎಂದರೆ ತಿರುಗಿಸುವ ಬಲ, 4.2 ನ್ಯೂಟನ್-ಮೀಟರ್ ಇರುತ್ತದೆ.

ಈಗ ಹೊರೆ ಕಳಚಿತು ಎನ್ನಿ. ರೋಟರಿನ ಜಡತ್ವವನ್ನು 0.08 ಕಿಲೋಗ್ರಾಂ-ಚದರ ಮೀಟರ್ ಎಂದು ಹಿಡಿದರೆ, 1,150 ಸುತ್ತಿನಲ್ಲಿ ಅದರಲ್ಲಿ ಕೂಡಿಟ್ಟಿರುವ ಶಕ್ತಿ ಬರೀ 576 ಜೂಲ್. ಗಾಳಿ ಪ್ರತಿ ಸೆಕೆಂಡಿಗೆ 500 ಜೂಲ್ ತುಂಬುತ್ತಲೇ ಇರುತ್ತದೆ. ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ವೇಗ 1,600 ಸುತ್ತನ್ನು ದಾಟುತ್ತದೆ. ಅದೇ ಗಳಿಗೆಯಲ್ಲಿ 18 ಮೀಟರಿನ ಒಂದು ಸುಯ್ಲು ಬಂದರೆ ಅದಕ್ಕೆ ಅರ್ಧ ಸೆಕೆಂಡೂ ಬೇಡ. ಹೊರೆಯಿಲ್ಲದ ರೋಟರ್ ಕೊನೆಗೆ ತನ್ನ ಅತ್ಯುತ್ತಮ ವೇಗದ ಎರಡು ಪಟ್ಟಿನ ಆಸುಪಾಸಿನಲ್ಲಿ ನೆಲೆಗೊಳ್ಳುತ್ತದೆ, ಎಂದರೆ 12 ಮೀಟರ್ ಗಾಳಿಯಲ್ಲಿಯೇ 2,300 ಸುತ್ತು. ಪ್ರತಿ ರೆಕ್ಕೆ 300 ಗ್ರಾಂ ತೂಗುತ್ತದೆ, ಅದರ ತೂಕದ ಕೇಂದ್ರ ನಡುವಿನಿಂದ 25 ಸೆಂಟಿಮೀಟರ್ ದೂರದಲ್ಲಿದೆ ಎಂದಾದರೆ, 1,150 ಸುತ್ತಿನಲ್ಲಿ ಅದನ್ನು ಬುಡದಿಂದ ಕೀಳಲೆಳಸುವ ಬಲ 1,080 ನ್ಯೂಟನ್. ಒಬ್ಬ ದಪ್ಪ ಮನುಷ್ಯ ಪ್ರತಿ ರೆಕ್ಕೆಗೂ ಜೋತುಬಿದ್ದಂತೆ. 2,300 ಸುತ್ತಿನಲ್ಲಿ ಅದು 4,300 ನ್ಯೂಟನ್ ದಾಟುತ್ತದೆ, ನಾಲ್ವರು ಜೋತುಬಿದ್ದಂತೆ. ಯಂತ್ರ ಕಿರುಚುತ್ತಿದೆ ಎಂದು ನೀವು ಬರೆದಿರುವುದು ಈ ಸ್ಥಿತಿಯ ಸದ್ದು. ಅದನ್ನು ಇನ್ನೊಮ್ಮೆ ಕೇಳಿಸಿಕೊಳ್ಳುವ ಮೊದಲೇ ಯಂತ್ರವನ್ನು ಕಟ್ಟಿಹಾಕಿ ನಿಲ್ಲಿಸಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಚಾರ್ಜರಿನ ದೃಷ್ಟಿಯಿಂದಲೂ ಇದು ಅಪಾಯವೇ: ನೀವು ಕೊಟ್ಟ ಅಳತೆಯ ಪ್ರಕಾರ 2,300 ಸುತ್ತಿನಲ್ಲಿ ತೆರೆದ ವೋಲ್ಟೇಜ್ 208ಕ್ಕೆ ಏರುತ್ತದೆ, ಸಾಮಾನ್ಯವಾಗಿ ಸಿಗುವ ಎಂಪಿಪಿಟಿ ಚಾರ್ಜರುಗಳಲ್ಲಿ ಅನೇಕವು 150 ವೋಲ್ಟಿಗಿಂತ ಹೆಚ್ಚನ್ನು ತಾಳುವುದಿಲ್ಲ.

ಡಕ್ಟ್ ಇದೆಲ್ಲವನ್ನೂ ಇನ್ನಷ್ಟು ಬಿಗಿಗೊಳಿಸುತ್ತದೆ ಎಂದೆ. ಡಕ್ಟ್ ತನ್ನೊಳಗೆ ಹೆಚ್ಚು ಗಾಳಿಯನ್ನು ಸೆಳೆದುಕೊಳ್ಳುತ್ತದೆ. ಆದ್ದರಿಂದ ಹೊರಗಿನ ಗಾಳಿಯ ವೇಗವನ್ನು ನೋಡಿ ಹಾಕಿದ ಲೆಕ್ಕಕ್ಕಿಂತ ರೆಕ್ಕೆ ಕಾಣುವ ವೇಗ ಹೆಚ್ಚಾಗಿರುತ್ತದೆ. ಎರಡನೆಯದು ರೆಕ್ಕೆಯ ತುದಿಗೂ ಡಕ್ಟಿನ ಗೋಡೆಗೂ ನಡುವಿನ ಸಂದು. ಡಕ್ಟಿನ ಲಾಭ ಸಿಗಬೇಕಾದರೆ ಅದು ರೋಟರಿನ ತ್ರಿಜ್ಯದ ನೂರಕ್ಕೆ ಒಂದರಷ್ಟು, ಎಂದರೆ ನಿಮ್ಮಲ್ಲಿ ಐದು ಮಿಲಿಮೀಟರಿನಷ್ಟು, ಇರಬೇಕಾಗುತ್ತದೆ. ಬಯಲಿನಲ್ಲಿ ತಿರುಗುವ ಯಂತ್ರದ ರೆಕ್ಕೆ ವೇಗ ತಪ್ಪಿ ಸ್ವಲ್ಪ ನಡುಗಿದರೆ ತಾಗುವುದಕ್ಕೆ ಪಕ್ಕದಲ್ಲಿ ಏನೂ ಇರುವುದಿಲ್ಲ. ಡಕ್ಟಿನೊಳಗಿನ ರೆಕ್ಕೆಗೆ ಆ ಸೌಲಭ್ಯವಿಲ್ಲ. ಜೋರು ಗಾಳಿಗೆ ಡಕ್ಟೇ ಒಂದಿಷ್ಟು ಮೊಟ್ಟೆಯಾಕಾರಕ್ಕೆ ಅಮುಕಿಕೊಂಡಿರುವಾಗ ಐದು ಮಿಲಿಮೀಟರ್ ಏನೇನೂ ಅಲ್ಲ. ಒಂದು ಜೋರು ಗಾಳಿಯ ದಿನ ನಾನು ಪರೀಕ್ಷಿಸುತ್ತಿದ್ದ ಯಂತ್ರವೊಂದರಲ್ಲಿ ಹೊರೆಯಾಗಿದ್ದ ರೋಧಕಕ್ಕೆ ಹೋಗುವ ತಂತಿ ಟರ್ಮಿನಲ್ಲಿನಿಂದ ಸಡಿಲಗೊಂಡು ಕಳಚಿತು. ರೆಕ್ಕೆಗಳ ಗುಂಯ್ಗುಡುವಿಕೆ ಶಿಳ್ಳೆಯಾಗುವುದಕ್ಕೂ ನಾನು ಸ್ವಿಚ್ಚಿನತ್ತ ಕೈ ಚಾಚುವುದಕ್ಕೂ ಸರಿಹೋಯಿತು. ಅಷ್ಟರಲ್ಲಿ ರೆಕ್ಕೆಯ ತುದಿ ಡಕ್ಟಿನ ಒಳಮೈಯಲ್ಲಿ ಬೆರಳುದ್ದದ ಬಿಳಿ ಗೀರೊಂದನ್ನು ಎಳೆದುಬಿಟ್ಟಿತ್ತು. ಅಂದಿನಿಂದ ನಾನು ಕೈಯಿಂದ ಒತ್ತುವ ಸ್ವಿಚ್ಚನ್ನು ರಕ್ಷಣೆಯ ಲೆಕ್ಕಕ್ಕೆ ಸೇರಿಸಿಕೊಂಡಿಲ್ಲ.

ಬಾಲ ಮಡಚುವ ಉಪಾಯ ಏಕೆ ಸೋತಿತು ಎಂಬುದು ಈಗ ಸುಲಭವಾಗಿ ತಿಳಿಯುತ್ತದೆ. ಬಯಲು ಯಂತ್ರದಲ್ಲಿ ರೋಟರನ್ನು ಗಾಳಿಗೆ 45 ಡಿಗ್ರಿ ಓರೆಯಾಗಿಸಿದರೆ ಸಾಮರ್ಥ್ಯ ಸುಮಾರಾಗಿ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಡಕ್ಟಿನ ದುಂಡನೆಯ ಮುಂತುಟಿಯಾದರೋ ಓರೆಯಾಗಿ ಬಂದ ಗಾಳಿಯನ್ನೂ ತಿರುಗಿಸಿ ನೇರ ಮಾಡಿ ಒಳಗೆ ಕಳಿಸುತ್ತದೆ. ಉತ್ಪಾದನೆಯ ಮಟ್ಟಿಗೆ ಅದು ಒಳ್ಳೆಯ ಗುಣ, ನಿಯಂತ್ರಣದ ಮಟ್ಟಿಗೆ ಅಡ್ಡಿ. ಇನ್ನೂ ಹೆಚ್ಚು ತಿರುಗಿಸೋಣವೆಂದರೆ ಡಕ್ಟಿನ ಇಡೀ ಪಕ್ಕೆ ಹಾಯಿಯಂತೆ ಗಾಳಿಗೆ ಒಡ್ಡಿಕೊಂಡು ಕಂಬದ ಮೇಲೆ ಭಾರ ಬೀಳುತ್ತದೆ. ಆ ದಾರಿಯನ್ನು ಬಿಟ್ಟುಬಿಡಿ.

ಇನ್ನು ಬಾಯಿಗೆ ಶಟರ್ ಹಾಕುವ ವಿಚಾರ. ಕೇಳಲು ಸರಳ, ನಾನು ಸಲಹೆ ಮಾಡುವುದಿಲ್ಲ. ಸೆಕೆಂಡಿಗೆ 25 ಮೀಟರ್ ವೇಗದ ಗಾಳಿಯ ಚಲನೆಯ ಒತ್ತಡ ಚದರ ಮೀಟರಿಗೆ ಸುಮಾರು 383 ನ್ಯೂಟನ್. ಒಂದು ಚದರ ಮೀಟರಿಗಿಂತ ದೊಡ್ಡದಾದ ಬಾಯನ್ನು ಆ ಗಾಳಿಯೆದುರು ಮುಚ್ಚಿ ಹಿಡಿಯಲು ಬೇಕಾದ ಚೌಕಟ್ಟು, ಕೀಲು, ಮೋಟಾರುಗಳು ಯಂತ್ರಕ್ಕಿಂತ ಭಾರವಾಗುತ್ತವೆ, ಆ ಬಲವೆಲ್ಲ ನೇರ ಕಂಬಕ್ಕೆ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅರ್ಧ ಮುಚ್ಚಿದ ಸ್ಥಿತಿಯದು: ಪ್ರತಿ ಪಟ್ಟಿಯ ಹಿಂದೆ ಸುಳಿಗಳ ಸಾಲೊಂದು ಎದ್ದು ನೇರವಾಗಿ ರೆಕ್ಕೆಗಳ ಮೇಲೆ ಹೋಗಿ ಬೀಳುತ್ತದೆ. ರೆಕ್ಕೆ ಪ್ರತಿ ಸುತ್ತಿನಲ್ಲಿಯೂ ಹಲವು ಬಾರಿ ಬಡಿಸಿಕೊಂಡು ದಣಿದು ಬುಡದಲ್ಲಿ ಬಿರುಕು ಬಿಡುತ್ತದೆ.

ಡಕ್ಟನ್ನೇ ನಿಯಂತ್ರಣಕ್ಕೆ ಬಳಸಬೇಕೆಂಬ ನಿಮ್ಮ ಆಲೋಚನೆ ಮಾತ್ರ ಸರಿಯಾದದ್ದೇ. ಕೈ ಹಾಕಬೇಕಾದದ್ದು ಮುಂದಲ್ಲ, ಹಿಂದೆ. ಡಕ್ಟ್ ಹೆಚ್ಚು ಗಾಳಿಯನ್ನು ಎಳೆಯುವುದು ಹಿಂದಿನ ಅಗಲವಾಗುವ ಭಾಗದ, ಎಂದರೆ ಡಿಫ್ಯೂಸರಿನ, ಹೀರುವಿಕೆಯಿಂದ. ರೋಟರಿನ ಹಿಂದೆಯೇ ಹೊರಗಿನ ವಾತಾವರಣಕ್ಕಿಂತ ಕಡಿಮೆ ಒತ್ತಡ ಉಂಟಾಗಿರುತ್ತದೆ, ಅದು ಮುಂದಿನಿಂದ ಗಾಳಿಯನ್ನು ಸೆಳೆಯುತ್ತದೆ. ಈ ಕಡಿಮೆ ಒತ್ತಡ ಉಳಿಯಬೇಕಾದರೆ ಹರಿವು ಡಿಫ್ಯೂಸರಿನ ಗೋಡೆಗೆ ಅಂಟಿಕೊಂಡೇ ಹಿಗ್ಗಬೇಕು. ಅಲ್ಲಿ ರೋಟರಿನ ಹಿಂದೆಯೇ ಗೋಡೆಯಲ್ಲಿ ಕೆಲವು ಕಿಟಕಿಗಳನ್ನು ತೆರೆದರೆ ಹೊರಗಿನ ಗಾಳಿ ಒಳಗೆ ನುಗ್ಗಿ ಆ ಹೀರುವಿಕೆಯನ್ನು ತುಂಬಿಬಿಡುತ್ತದೆ, ಹರಿವು ಗೋಡೆಯಿಂದ ಕಿತ್ತುಬರುತ್ತದೆ, ಡಕ್ಟ್ ಹೆಸರಿಗಷ್ಟೇ ಡಕ್ಟಾಗಿ ಉಳಿಯುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. 1970ರ ದಶಕದಲ್ಲಿ ಅಮೆರಿಕದ ಗ್ರಮ್ಮನ್ ಕಂಪನಿಯಲ್ಲಿ ಇಂಥ ಯಂತ್ರಗಳ ಮೇಲೆ ನಡೆದ ಸಂಶೋಧನೆಯಲ್ಲಿ ಡಿಫ್ಯೂಸರಿನ ಗೋಡೆಗೆ ಸೀಳುಗಳನ್ನು ಬಿಟ್ಟದ್ದು ಇದಕ್ಕೆ ತದ್ವಿರುದ್ಧವಾದ ಉದ್ದೇಶಕ್ಕೆ. ಗೋಡೆಯ ಗುಂಟ ಹರಿಯುವಂತೆ ಒಳಬಿಟ್ಟ ಹೊರಗಾಳಿ ಅಲ್ಲಿನ ದಣಿದ ಪದರಕ್ಕೆ ಹೊಸ ಬಲ ಕೊಟ್ಟು ಹರಿವನ್ನು ಅಂಟಿಸಿಯೇ ಇಡುತ್ತದೆ. ಆದ್ದರಿಂದ ನಿಮ್ಮ ಕಿಟಕಿಯ ಬಾಗಿಲು ಗಾಳಿಯನ್ನು ಗೋಡೆಯ ಗುಂಟ ಜಾರಿಸುವಂತೆ ಇರಬಾರದು. ಗೋಡೆಗೆ ಲಂಬವಾಗಿ ಒಳಕ್ಕೆ ಚಿಮ್ಮಿ ಹರಿವನ್ನು ಕೆಡಿಸುವಂತೆ ಇರಬೇಕು. ಬಾಗಿಲಿನ ಕೀಲನ್ನು ಹಿಂದಿನ ಅಂಚಿಗೆ ಕೊಟ್ಟು, ತೆರೆದಾಗ ಅದರ ಮುಂದಿನ ಅಂಚು ಒಳಕ್ಕೆ ನಿಗುರಿ ನಿಲ್ಲುವಂತೆ ಮಾಡಿದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ. ಬಾಗಿಲು ರೋಟರಿನ ಹಿಂದಿರುವುದರಿಂದ ಸುಳಿಗಳು ರೆಕ್ಕೆಗೆ ಬಡಿಯುವುದಿಲ್ಲ. ಪೂರ್ತಿ ತೆರೆದರೂ ಅದು ರೆಕ್ಕೆಯ ಬಳಿ ಸುಳಿಯದಷ್ಟು ಅಂತರ ಬಿಡುವುದನ್ನು ಮರೆಯಬೇಡಿ.

ಇದರಿಂದ ಎಷ್ಟು ಫಲ ನಿರೀಕ್ಷಿಸಬಹುದು? ಡಿಫ್ಯೂಸರ್ ಕೆಟ್ಟ ಮೇಲೆ ಉಳಿಯುವುದು ಸಾಧಾರಣ ಬಯಲು ಯಂತ್ರ. ಶಾಫ್ಟಿಗೆ ಬರುವ ಪಾಲು 0.6 ಇದ್ದದ್ದು 0.35ರ ಹತ್ತಿರಕ್ಕೆ ಇಳಿಯಿತೆನ್ನಿ. ಘನದ ಲೆಕ್ಕವಾದ್ದರಿಂದ 18 ಮೀಟರಿನ ಗಾಳಿ ಯಂತ್ರಕ್ಕೆ 15 ಮೀಟರಿನಂತೆ ಕಾಣುತ್ತದೆ. ಇದು ಯಂತ್ರವನ್ನು ನಿಲ್ಲಿಸುವುದಿಲ್ಲ, ಹಾಗೆಂದು ನಂಬಿ ಕೂರಬಾರದು. ಆದರೂ ಬ್ರೇಕಿನ ಪಾಲಿಗೆ ಆ ಮೂರು ಮೀಟರ್ ಬಹಳ ದೊಡ್ಡ ಉಪಕಾರ.

ನಿಜವಾದ ಲಗಾಮು ಜನರೇಟರಿನಲ್ಲಿದೆ. ಗಾಳಿ 12 ಮೀಟರಿಗಿಂತ ಕಡಿಮೆ ಇರುವಾಗ ಟಾರ್ಕನ್ನು ತಿರುಗುವ ವೇಗದ ವರ್ಗಕ್ಕೆ ತಕ್ಕಂತೆ ಏರಿಸುತ್ತಾ ಹೋದರೆ ಸಾಕು, ರೋಟರ್ ತಾನಾಗಿಯೇ ಅತ್ಯುತ್ತಮ ವೇಗದಲ್ಲಿ ನಿಲ್ಲುತ್ತದೆ. ಗಾಳಿಯ ವೇಗವನ್ನು ಅಳೆಯುವ ಅಗತ್ಯವೂ ಇಲ್ಲ. ಗಾಳಿ 12 ಮೀಟರಿನ ಮೇಲೆ ಹೋದಾಗ ತಿರುಗುವ ವೇಗವನ್ನು 1,150ರಲ್ಲಿಯೇ ಹಿಡಿದು ನಿಲ್ಲಿಸಬೇಕು. ಹಾಗೆ ಹಿಡಿದಾಗ ಗಾಳಿಯ ವೇಗ ಏರಿದಂತೆಲ್ಲ ಅದು ರೆಕ್ಕೆಗೆ ತಾಗುವ ಕೋನ ಹೆಚ್ಚಾಗಿ ರೆಕ್ಕೆ ಸ್ಟಾಲ್ ಆಗುತ್ತದೆ, ಎಂದರೆ ಅದರ ಬೆನ್ನಿನ ಹರಿವು ಕಿತ್ತುಬಂದು ಹಿಡಿತ ತಪ್ಪುತ್ತದೆ. ಇದನ್ನು ಹೇಳುವುದು ಸುಲಭ. ಬೆಲೆ ಎಷ್ಟೆಂದು ನೋಡಿ: 16 ಮೀಟರ್ ಗಾಳಿಯಲ್ಲಿ 1,150 ಸುತ್ತಿನಲ್ಲಿಯೇ ಹಿಡಿದರೆ ತುದಿವೇಗ ಗಾಳಿಯ 3.75 ಪಟ್ಟಾಗುತ್ತದೆ. ಅಲ್ಲಿ ರೆಕ್ಕೆಯ ಗಳಿಕೆ 0.5ಕ್ಕೆ ಇಳಿದಿದ್ದರೂ ಸಾಮರ್ಥ್ಯ ಸುಮಾರು 985 ವ್ಯಾಟ್, ಟಾರ್ಕ್ 8.2 ನ್ಯೂಟನ್-ಮೀಟರ್. ಗಾಳಿ ಹೆಚ್ಚಿದ್ದು ನಾಲ್ಕೇ ಮೀಟರ್, ಟಾರ್ಕ್ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಟಾರ್ಕ್ ಎರಡು ಪಟ್ಟೆಂದರೆ ಕರೆಂಟ್ ಎರಡು ಪಟ್ಟು, ಸುರುಳಿಯೊಳಗಿನ ಬಿಸಿ ನಾಲ್ಕು ಪಟ್ಟು: ನಿಮ್ಮ ಜನರೇಟರಿನಲ್ಲಿ 23 ವ್ಯಾಟ್ ಇದ್ದದ್ದು 90 ವ್ಯಾಟಿನ ಹತ್ತಿರಕ್ಕೆ. ಇಂಥ ಯಂತ್ರಗಳಲ್ಲಿ ಜನರೇಟರನ್ನು ಉತ್ಪಾದನೆಯ ಲೆಕ್ಕಕ್ಕೆ ಆರಿಸುವುದು ತಪ್ಪು. ಬ್ರೇಕಿನ ಲೆಕ್ಕಕ್ಕೆ ಆರಿಸಬೇಕು ಎಂದು ನಾನು ಹೇಳುತ್ತಾ ಬಂದಿರುವುದು ಈ ಕಾರಣಕ್ಕೆ. ಸುರುಳಿಯ ನಡುವೆ ಉಷ್ಣತೆಯ ಸಂವೇದಕವೊಂದನ್ನು ಈಗಲೇ ಸೇರಿಸಿಬಿಡಿ.

ಈ ಹೆಚ್ಚುವರಿ ವಿದ್ಯುತ್ತನ್ನು ನುಂಗಲು ಬ್ಯಾಟರಿಯನ್ನು ನೆಚ್ಚಬಾರದು. ರೆಕ್ಟಿಫೈಯರಿಗೂ ಚಾರ್ಜರಿಗೂ ನಡುವೆ ಡಂಪ್ ಲೋಡ್, ಎಂದರೆ ಹೆಚ್ಚಾದ ವಿದ್ಯುತ್ತನ್ನು ಬಿಸಿಯಾಗಿ ಕಳೆಯುವ ರೋಧಕ, ಇರಲಿ. ಅದಕ್ಕೆ ತನ್ನದೇ ಕಂಟ್ರೋಲರ್ ಇರಬೇಕು. ಚಾರ್ಜರ್ ಎಷ್ಟು ಎಳೆಯಿತು, ಬ್ಯಾಟರಿ ತುಂಬಿತೋ ಇಲ್ಲವೋ ಎಂಬ ಗೊಡವೆಗೆ ಹೋಗದೆ, ತಿರುಗುವ ವೇಗವನ್ನಷ್ಟೇ ನೋಡಿ ಅದು ಕರೆಂಟ್ ಎಳೆಯಬೇಕು. 1,150 ಸುತ್ತಿನ ವೇಗದಲ್ಲಿ ಹೊರೆ ಬಿದ್ದಾಗ ನಿಮ್ಮ ರೆಕ್ಟಿಫೈಯರಿನ ಆಚೆ ಸುಮಾರು 80 ವೋಲ್ಟ್ ನಿಲ್ಲುತ್ತದೆ ಎಂದು ಹಿಡಿದರೆ, 4 ಓಮಿನ ರೋಧಕ 1,600 ವ್ಯಾಟನ್ನು ನುಂಗುತ್ತದೆ, ಅದು ಸಾಕು. ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚುವ ಟ್ರಾನ್ಸಿಸ್ಟರಿನ ಮೂಲಕ ಅದನ್ನು ಜೋಡಿಸಿದರೆ ಹೊರೆಯನ್ನು ಸೊನ್ನೆಯಿಂದ ಪೂರ್ತಿಯವರೆಗೆ ನುಣುಪಾಗಿ ಏರಿಸಬಹುದು. ತಂತಿ ಸುತ್ತಿದ ರೋಧಕ ಸ್ವಲ್ಪ ಮಟ್ಟಿಗೆ ಸುರುಳಿಯಂತೆಯೂ ವರ್ತಿಸುವುದರಿಂದ ಅದಕ್ಕೆ ಅಡ್ಡಲಾಗಿ ಡಯೋಡ್ ಹಾಕದಿದ್ದರೆ ಟ್ರಾನ್ಸಿಸ್ಟರ್ ಬೇಗ ಸುಡುತ್ತದೆ. ರೋಧಕವನ್ನು ಗಾಳಿಯಾಡುವ ಕಡೆ, ಉರಿಯುವ ವಸ್ತುಗಳಿಂದ ದೂರ ಇಡಿ. ತಂತಿಗಳನ್ನು ಬೆಸುಗೆಯಿಂದಲ್ಲ, ಗಟ್ಟಿಯಾದ ಲಗ್ಗು ಮತ್ತು ಬೋಲ್ಟುಗಳಿಂದ ಜೋಡಿಸಿ. ರೋಧಕ ಬಿಸಿಯೇರಿದಾಗ ಬೆಸುಗೆ ಕರಗುವ ಅಪಾಯ ಇದ್ದೇ ಇದೆ.

ವೇಗವನ್ನು ಅಳೆಯಲು ಬೇರೆ ಉಪಕರಣ ಬೇಕಿಲ್ಲ, ಜನರೇಟರಿನ ಒಂದು ಫೇಸಿನ ಆವರ್ತನೆಯೇ ಸಾಕು. 16 ಧ್ರುವಗಳಿರುವುದರಿಂದ 1,150 ಸುತ್ತಿಗೆ 153 ಹರ್ಟ್ಜ್, 1,300 ಸುತ್ತಿಗೆ 173 ಹರ್ಟ್ಜ್ ಬರುತ್ತದೆ. ಮೇಲೆ ಲೆಕ್ಕ ಹಾಕಿದ ಹಾಗೆ ಒಂದು ಸೆಕೆಂಡಿನೊಳಗೆ ಎಲ್ಲವೂ ಮುಗಿದುಹೋಗಬಹುದಾದ್ದರಿಂದ ಕಂಟ್ರೋಲರ್ ಸೆಕೆಂಡಿಗೆ ಇಪ್ಪತ್ತು ಬಾರಿಯಾದರೂ ವೇಗವನ್ನು ನೋಡಿ ಹೊರೆಯನ್ನು ತಿದ್ದಬೇಕು. ಹಾಗೆಯೇ ಮೂರು ರೆಕ್ಕೆಗಳಿರುವ ಯಂತ್ರದಲ್ಲಿ ನಡುವಿನ ಜನರೇಟರನ್ನು ಡಕ್ಟಿಗೆ ಹಿಡಿದಿರುವ ಕಂಬಿಗಳೂ ಮೂರೇ ಆಗಿದ್ದರೆ ಪ್ರತಿ ಬಾರಿಯೂ ಮೂರು ರೆಕ್ಕೆಗಳು ಒಟ್ಟಿಗೆ ಕಂಬಿಗಳನ್ನು ದಾಟಿ ಡಕ್ಟ್ ಅದುರುತ್ತದೆ. ನಿಧಾನಕ್ಕೆ ವೇಗ ಏರಿಸಿ, ಯಾವ ವೇಗದಲ್ಲಿ ಅದುರುವಿಕೆ ಜೋರಾಗುತ್ತದೆ ಎಂದು ದೂರದಿಂದಲೇ ಗಮನಿಸಿ, ಆ ವೇಗದಲ್ಲಿ ನಿಲ್ಲದೆ ಬೇಗ ದಾಟುವಂತೆ ಹೊರೆಯನ್ನು ಹೊಂದಿಸಿ.

ಕೊನೆಯ ರಕ್ಷಣೆ ಜನರೇಟರಿನ ಮೂರು ತಂತಿಗಳನ್ನು ಒಂದಕ್ಕೊಂದು ಸೇರಿಸಿ ಶಾರ್ಟ್ ಮಾಡುವುದು. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಬಹಳ ಜನ ಎಡವುತ್ತಾರೆ. ಶಾರ್ಟ್ ಮಾಡಿದರೆ ವೇಗ ಹೆಚ್ಚಿದಂತೆ ಬ್ರೇಕೂ ಹೆಚ್ಚುತ್ತದೆ ಎಂದು ನಂಬಿಕೆ. ನಿಜವಾಗಿ ವೇಗ ಏರಿದಂತೆ ಆವರ್ತನೆಯೂ ಏರಿ ಸುರುಳಿಯ ಇಂಡಕ್ಟೆನ್ಸ್ ಕರೆಂಟಿಗೆ ಅಡ್ಡ ಬರುತ್ತದೆ. ನಿಮ್ಮ 0.5 ಓಮ್ ಮತ್ತು 1.5 ಮಿಲಿಹೆನ್ರಿಗೆ ಲೆಕ್ಕ ಹಾಕಿದರೆ ಬ್ರೇಕಿನ ಟಾರ್ಕ್ ಗರಿಷ್ಠವಾಗುವುದು ನಿಮಿಷಕ್ಕೆ 400 ಸುತ್ತಿನ ಹತ್ತಿರ, ಆಗ ಅದು ಸುಮಾರು 15.6 ನ್ಯೂಟನ್-ಮೀಟರ್. 1,150 ಸುತ್ತಿಗೆ ಅದು ಆ ಗರಿಷ್ಠದ 62 ಶೇಕಡಾಕ್ಕೆ, 2,300 ಸುತ್ತಿಗೆ ಮೂರನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. ಎಲ್ಲಕ್ಕಿಂತ ಹೆಚ್ಚು ಬೇಕಾದಾಗ ಎಲ್ಲಕ್ಕಿಂತ ಕಡಿಮೆ ಸಿಗುತ್ತದೆ. ಪರಿಹಾರ ಮೊದಲ ನೋಟಕ್ಕೆ ವಿಚಿತ್ರವೆನಿಸೀತು: ಪ್ರತಿ ಫೇಸಿಗೂ 0.9 ಓಮಿನ ರೋಧಕವೊಂದನ್ನು ಸೇರಿಸಿ, ಆ ಮೂರರ ಇನ್ನೊಂದು ತುದಿಗಳನ್ನು ಕಾಂಟ್ಯಾಕ್ಟರ್ ಎಂಬ ವಿದ್ಯುತ್ ಸ್ವಿಚ್ಚಿನ ಮೂಲಕ ಒಟ್ಟಿಗೆ ಕಟ್ಟಿ. ಗರಿಷ್ಠ ಟಾರ್ಕ್ ಅಷ್ಟೇ ಉಳಿಯುತ್ತದೆ, ಅದು ಸಿಗುವ ಜಾಗ ಮಾತ್ರ 400 ಸುತ್ತಿನಿಂದ 1,100 ಸುತ್ತಿನ ಮೇಲಕ್ಕೆ ಸರಿಯುತ್ತದೆ, ನಿಮ್ಮ ಯಂತ್ರ ಓಡುವ ಜಾಗಕ್ಕೇ. ಬಿಸಿಯ ಮೂರರಲ್ಲಿ ಎರಡು ಪಾಲು ಸುರುಳಿಯಿಂದ ಹೊರಗಿನ ರೋಧಕಗಳಿಗೆ ಹೋಗುತ್ತದೆಂಬುದು ಇನ್ನೊಂದು ಲಾಭ. ವೇಗ 500ಕ್ಕಿಂತ ಕೆಳಗಿಳಿದ ಮೇಲೆ ಎರಡನೆಯ ಕಾಂಟ್ಯಾಕ್ಟರ್ ಆ ರೋಧಕಗಳನ್ನೂ ದಾಟಿ ನೇರ ಶಾರ್ಟ್ ಮಾಡಲಿ.

ಯಾವಾಗ ಈ ಬ್ರೇಕ್ ಹಾಕಬೇಕು? ಇದು ಇಡೀ ವಿಷಯದ ತಿರುಳು. ಓಡುತ್ತಿರುವ ರೋಟರನ್ನು ನಿಧಾನಗೊಳಿಸುವಾಗ ಗಾಳಿಯ ಟಾರ್ಕ್ ಕೂಡಲೇ ಇಳಿಯುವುದಿಲ್ಲ. ಮೊದಲು ಏರಿ ಆಮೇಲೆ ಇಳಿಯುತ್ತದೆ. ಆ ದಿಬ್ಬವನ್ನು ದಾಟಿಸುವಷ್ಟು ಬಲ ಬ್ರೇಕಿಗೆ ಇರಲೇಬೇಕು. ನಿಮ್ಮ ಯಂತ್ರದಲ್ಲಿ ದಿಬ್ಬದ ಎತ್ತರ 16 ಮೀಟರ್ ಗಾಳಿಯಲ್ಲಿ 8.2, 20 ಮೀಟರಿನಲ್ಲಿ 12.8, 22 ಮೀಟರಿನಲ್ಲಿ 15.5 ನ್ಯೂಟನ್-ಮೀಟರ್. ನಿಮ್ಮ ಬ್ರೇಕಿನ ಗರಿಷ್ಠ 15.6. ಎಂದರೆ 22 ಮೀಟರಿನಲ್ಲಿ ಗಾಳಿಯೂ ಬ್ರೇಕೂ ಸಮಬಲ. ಅದರಾಚೆ ಬ್ರೇಕ್ ಹಾಕಿದರೆ ಯಂತ್ರ ನಿಲ್ಲದೆ, ಸುರುಳಿಗಳು ಸುಡುತ್ತಲೇ ತಿರುಗುತ್ತಿರುತ್ತದೆ. ಹಾಗಾಗಿ 16ರ ಆಸುಪಾಸಿನಲ್ಲಿಯೇ ನಿಲ್ಲಿಸಿಬಿಡಬೇಕು. ಗಾಳಿಮಾಪಕವಿಲ್ಲದೆ ಇದನ್ನು ತಿಳಿಯುವುದು ಕಷ್ಟವಲ್ಲ: ವೇಗವನ್ನು 1,150ರಲ್ಲಿ ಹಿಡಿಯಲು ಬೇಕಾಗುತ್ತಿರುವ ಟಾರ್ಕ್ 7.5 ದಾಟಿದಾಗ ಡಿಫ್ಯೂಸರಿನ ಬಾಗಿಲುಗಳು ತೆರೆಯಲಿ. ತೆರೆದ ಮೇಲೂ ಅದು ಎರಡು ಸೆಕೆಂಡು 8ರ ಮೇಲೆಯೇ ನಿಂತರೆ, ಅಥವಾ ಯಾವುದೇ ಕಾರಣಕ್ಕೆ ವೇಗ 1,300 ದಾಟಿದರೆ, ಬ್ರೇಕ್ ಬೀಳಲಿ. ದಿಬ್ಬ ದಾಟಿ ರೆಕ್ಕೆ ಪೂರ್ತಿ ಸ್ಟಾಲ್ ಆದ ಮೇಲೆ ಗಾಳಿಯ ಹಿಡಿತ ಎಷ್ಟು ಕಡಿಮೆಯಾಗುತ್ತದೆಂದರೆ, 30 ಮೀಟರಿನ ಬಿರುಗಾಳಿಯಲ್ಲಿಯೂ ಶಾರ್ಟ್ ಮಾಡಿದ ರೋಟರ್ ನಿಮಿಷಕ್ಕೆ ನೂರು ಸುತ್ತಿನೊಳಗೆ ಸೋಮಾರಿಯಾಗಿ ತಿರುಗುತ್ತಿರುತ್ತದೆ. ಗಾಳಿ ಇಳಿದು ಐದು ಹತ್ತು ನಿಮಿಷ ಕಳೆಯುವವರೆಗೆ ಬ್ರೇಕ್ ತೆಗೆಯಬಾರದು. ಜೋರು ಗಾಳಿ ನಡುನಡುವೆ ಉಸಿರು ಬಿಡುತ್ತದೆ, ಅದಕ್ಕೆ ಮೋಸಹೋಗಬಾರದು.

ಬ್ರೇಕಿನ ಕಾಂಟ್ಯಾಕ್ಟರ್ ವಿದ್ಯುತ್ ಇರುವಾಗ ತೆರೆದಿದ್ದು, ವಿದ್ಯುತ್ ಹೋದಾಗ ಸ್ಪ್ರಿಂಗಿನಿಂದ ತಾನೇ ಮುಚ್ಚಿಕೊಳ್ಳುವ ಬಗೆಯದಾಗಿರಬೇಕು. ಬಾಗಿಲುಗಳೂ ಹಾಗೆಯೇ: ಸ್ಪ್ರಿಂಗ್ ಅವನ್ನು ತೆರೆಯಬೇಕು, ವಿದ್ಯುತ್ ಕಾಂತ ಅವನ್ನು ಮುಚ್ಚಿ ಹಿಡಿದಿರಬೇಕು. ಬಾಗಿಲು ಒಳಮುಖವಾಗಿ ತೆರೆಯುವುದರಿಂದ ಡಿಫ್ಯೂಸರಿನ ಹೀರುವಿಕೆಯೇ ಸ್ಪ್ರಿಂಗಿಗೆ ನೆರವಾಗುತ್ತದೆ. ಕಂಟ್ರೋಲರ್ ಸತ್ತರೂ, ಬ್ಯಾಟರಿ ಬರಿದಾದರೂ, ತಂತಿ ಹರಿದರೂ ಯಂತ್ರ ನಿಲ್ಲುವ ಕಡೆಗೇ ವಾಲಬೇಕು. 200 ಚದರ ಮೀಟರ್ ವರೆಗಿನ ರೋಟರುಗಳಿಗೆ ಅನ್ವಯವಾಗುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 61400-2 ಗರಿಷ್ಠ ತಿರುಗುವ ವೇಗವನ್ನೂ ಹೊರೆಯ ಕಡೆಯ ಶಾರ್ಟನ್ನೂ ಎರಡು ಬೇರೆ ಬೇರೆ ಸಂದರ್ಭಗಳಾಗಿ ಲೆಕ್ಕ ಹಾಕಲು ಹೇಳುತ್ತದೆ. ನೀವೂ ಶಾರ್ಟ್ ಬೀಳುವ ಕ್ಷಣದ ಹೊಡೆತಕ್ಕೆ ರೆಕ್ಕೆಯ ಬುಡ ಮತ್ತು ಶಾಫ್ಟಿನ ಕೀಲಿ ತಾಳುತ್ತವೆಯೇ ಎಂದು ನೋಡಿಕೊಳ್ಳಿ. ಮೊದಲು ರೋಧಕಗಳ ಮೂಲಕ, ಆಮೇಲೆ ನೇರವಾಗಿ ಎಂಬ ಎರಡು ಹಂತಗಳಿರುವಲ್ಲಿ ಎರಡನೆಯ ಹೊಡೆತ ಸೌಮ್ಯವಾಗಿರುತ್ತದೆ.

ರೆಕ್ಕೆಯ ಕೋನ ತಿರುಗಿಸುವ ವ್ಯವಸ್ಥೆ ದೊಡ್ಡ ಯಂತ್ರಗಳಲ್ಲಿ ಅತ್ಯುತ್ತಮವೇ. ಇಷ್ಟು ಸಣ್ಣ ನಡುಗುಂಬದಲ್ಲಿ, ಎಂದರೆ ರೆಕ್ಕೆಗಳು ಸೇರುವ ನಡುಭಾಗದಲ್ಲಿ, ಮೂರು ಕೀಲುಗಳು ಸಮನಾಗಿ ತಿರುಗುವಂತೆ ವರ್ಷಗಟ್ಟಲೆ ಉಳಿಸಿಕೊಳ್ಳುವುದು ಕಷ್ಟ, ಒಂದು ಬಿಗಿದರೂ ರೋಟರ್ ತೂಕ ತಪ್ಪುತ್ತದೆ. ಡಿಸ್ಕ್ ಬ್ರೇಕನ್ನು ರಿಪೇರಿಯ ವೇಳೆ ರೋಟರ್ ಅಲುಗದಂತೆ ಹಿಡಿಯಲು ಮಾತ್ರ ಇಟ್ಟುಕೊಳ್ಳಿ.

ಈಗ ಮಾಡಬೇಕಾದ ಕೆಲಸದ ಕ್ರಮ. ರೆಕ್ಕೆಗಳನ್ನು ಬಿಚ್ಚಿ, ಜನರೇಟರನ್ನು ಮೇಜಿನ ಮೇಲೆ ಲೇತ್ ಅಥವಾ ಮೋಟಾರಿನಿಂದ ತಿರುಗಿಸಿ, ಡಂಪ್ ಲೋಡ್ ಮತ್ತು ಎರಡು ಹಂತದ ಬ್ರೇಕು 300, 600, 1,150 ಸುತ್ತುಗಳಲ್ಲಿ ಎಷ್ಟು ಟಾರ್ಕ್ ಕೊಡುತ್ತವೆ ಎಂದು ಅಳೆಯಿರಿ. ನನ್ನ ಲೆಕ್ಕಕ್ಕೂ ನಿಮ್ಮ ಅಳತೆಗೂ ಅಂತರ ಬಂದರೆ ಅಳತೆಯನ್ನೇ ನಂಬಿ, ಮಿತಿಗಳನ್ನು ಅದಕ್ಕೆ ತಕ್ಕಂತೆ ಇಳಿಸಿ. ಆಮೇಲೆ ರೆಕ್ಕೆ ಜೋಡಿಸಿ, ವೇಗದ ಮಿತಿಯನ್ನು 600ಕ್ಕೆ ಇಟ್ಟು, 5 ಅಥವಾ 6 ಮೀಟರಿನ ಹದವಾದ ಗಾಳಿಯಲ್ಲಿ ಕೆಲವು ದಿನ ಓಡಿಸಿ. ಆ ದಿನಗಳಲ್ಲಿಯೇ ಬೇಕೆಂದು ಬ್ಯಾಟರಿಯ ಸ್ವಿಚ್ ಆರಿಸಿ, ಕಂಟ್ರೋಲರಿನ ಫ್ಯೂಸ್ ತೆಗೆದು, ಪ್ರತಿ ಬಾರಿಯೂ ಯಂತ್ರ ತಾನಾಗಿ ನಿಲ್ಲುತ್ತದೆಯೇ ಎಂದು ನೋಡಿ. ಎಲ್ಲವೂ ಸರಿಯಿದ್ದರೆ ಮಿತಿಯನ್ನು ನೂರು ನೂರು ಸುತ್ತಿನಂತೆ ಏರಿಸುತ್ತಾ ಬನ್ನಿ. ಪರೀಕ್ಷೆಯ ವೇಳೆ ರೋಟರಿನ ನೇರಕ್ಕೆ, ಎಂದರೆ ರೆಕ್ಕೆ ಕಿತ್ತುಬಂದರೆ ಹಾರುವ ದಿಕ್ಕಿನಲ್ಲಿ, ನೀವೂ ನಿಲ್ಲಬೇಡಿ, ಬೇರೆ ಯಾರನ್ನೂ ನಿಲ್ಲಗೊಡಬೇಡಿ. ಡಕ್ಟ್ ಇದೆಯಲ್ಲ, ತಡೆಯುತ್ತದೆ ಎಂದುಕೊಳ್ಳಬೇಡಿ. ಗಾಳಿಯನ್ನು ನಡೆಸಲು ಮಾಡಿದ ಮೂರು ನಾಲ್ಕು ಮಿಲಿಮೀಟರಿನ ಫೈಬರ್‌ಗ್ಲಾಸ್ ಹಾರಿಬರುವ ರೆಕ್ಕೆಯನ್ನು ತಡೆಯಲಾರದು.